ಅಟ್ಲಸ್ ಬೆಳ್ಳುಳ್ಳಿ

ನಮ್ಮೂರಿನ ಬೆಳ್ಳುಳ್ಳಿಯನ್ನು ಪರೀಕ್ಷೆ ಮಾಡುವ ಕೆಲಸ ನನಗೇ ಬಂತು. ನಾನು ಕೇಳಿಕೊಂಡದ್ದಲ್ಲ. ಆ ವಸಂತದಲ್ಲಿ ಜರಫ್‌ಶಾನ್ ಕಣಿವೆಯ ಹನ್ನೊಂದು ಹಳ್ಳಿಗಳಿಂದ ಬೆಳ್ಳುಳ್ಳಿ, ಈರುಳ್ಳಿಯ ಎಲೆ ತರಿಸಿ ನೋಡಬೇಕೆಂದು ನಮ್ಮ ಸಸ್ಯರೋಗ ಸಂಸ್ಥೆಯಲ್ಲಿ ತೀರ್ಮಾನವಾಗಿತ್ತು. ರಾಜಧಾನಿ ದುಶಾಂಬೆಯ ಆ ಪ್ರಯೋಗಾಲಯದಲ್ಲಿ ಕಣಿವೆಯ ಕಡೆಯವಳು ನಾನೊಬ್ಬಳೇ. ಅಲ್ಲಿನ ಮುಖ್ಯಸ್ಥರಾದ ಖೋಲ್ಬೇಕ್ ಮೇಷ್ಟ್ರು ಪಟ್ಟಿಯನ್ನು ನನ್ನ ಮುಂದೆ ಸರಿಸಿ, "ಸಫರ್ಗುಲ್, ನಿಮ್ಮೂರು ಪುಷ್ತಿಬೋಗೂ ಇದೆ ನೋಡು ಇದರಲ್ಲಿ. ಹೋಗಿ ಬಾರಮ್ಮ, ಅಮ್ಮನ ಕೈ ಊಟಾನೂ ಆಗುತ್ತೆ" ಅಂದರು. ನಾನು ಆಯಿತು ಅಂದೆ.

ಆಗ ನನಗೆ ಮೂವತ್ತಾರು. ಹದಿನಾಲ್ಕು ವರ್ಷದಿಂದ ಅದೇ ಕೋಣೆಯಲ್ಲಿ ಅದೇ ಕೆಲಸ. ಎಲೆಯನ್ನು ಅರೆಯುವುದು, ರಸವನ್ನು ತೊಂಬತ್ತಾರು ಕುಳಿಗಳ ಪ್ಲಾಸ್ಟಿಕ್ ತಟ್ಟೆಗೆ ಹನಿಹನಿಯಾಗಿ ಬಿಡುವುದು, ಔಷಧಿ ಹಾಕಿ ತೊಳೆಯುವುದು, ಕಾಯುವುದು. ರೋಗವಿದ್ದರೆ ಕುಳಿ ಹಳದಿಯಾಗುತ್ತದೆ, ಇಲ್ಲದಿದ್ದರೆ ನೀರಿನಂತೆಯೇ ಉಳಿಯುತ್ತದೆ. ಮಾತಿಲ್ಲದ ಕೆಲಸ. ನನಗೆ ಅದು ಹೊಂದಿಕೊಂಡಿತ್ತು. ಮದುವೆ ಯಾಕಾಗಲಿಲ್ಲ ಎಂದು ಜೊತೆಯವರು ಮೊದಮೊದಲು ಕೇಳುತ್ತಿದ್ದರು, ಆಮೇಲೆ ಕೇಳುವುದನ್ನು ಬಿಟ್ಟರು.

ನಮ್ಮೂರಲ್ಲಿ ಅಮ್ಮನ ಬೆಳ್ಳುಳ್ಳಿಗೆ ಹೆಸರಿತ್ತು. ಅದನ್ನು ಅಟ್ಲಸ್ ಬೆಳ್ಳುಳ್ಳಿ ಎನ್ನುತ್ತಿದ್ದರು. ಮದುವೆ ಹೆಣ್ಣು ಉಡುವ ಅಟ್ಲಸ್ ರೇಷ್ಮೆಯಲ್ಲಿ ಬಣ್ಣ ಬಣ್ಣದೊಳಕ್ಕೆ ಇಳಿದು ಪಟ್ಟೆಪಟ್ಟೆಯಾಗಿರುತ್ತದಲ್ಲ, ಅದರ ಎಲೆಯ ಮೇಲೂ ಹಾಗೆ ತಿಳಿಹಳದಿ ಗೆರೆಗಳು ಉದ್ದಕ್ಕೂ ಓಡುತ್ತಿದ್ದವು. ಅಪ್ಪನ ತಾಯಿ ಹೋಜರ್ ಅಜ್ಜಿಯ ಕಾಲದಿಂದ ಬಂದ ಬೀಜ. ಗಡ್ಡೆ ನೇರಳೆ ಸಿಪ್ಪೆಯದು, ಖಾರ ಜಾಸ್ತಿ. ಅಜ್ಜಿ ಸತ್ತ ಮೇಲೆ ಅಮ್ಮ ಅದನ್ನು ಕಾಪಾಡಿದಳು. ಮಾರಿದವಳಲ್ಲ. ಊರಿಗೆ ಹೊಸ ಸೊಸೆ ಬಂದರೆ ನಲವತ್ತು ಗಡ್ಡೆ, ಹೊಸದಾಗಿ ಮನೆ ಕಟ್ಟಿದವರಿಗೆ ನಲವತ್ತು ಗಡ್ಡೆ; ಯಾರ ಬೀಜವಾದರೂ ಚಳಿಗೆ ಕೊಳೆತರೆ ಅವರು ಸಂಕೋಚ ಬಿಟ್ಟು ನಮ್ಮ ಬಾಗಿಲಿಗೆ ಬರುತ್ತಿದ್ದರು. "ಓಯ್ನಿಸೊ ಬಾಯಿಂದ ಇಲ್ಲ ಅನ್ನೋ ಮಾತು ಬರಲ್ಲ" ಎಂದು ಅಮ್ಮನ ಬಗ್ಗೆ ಊರೆಲ್ಲ ಹೇಳುತ್ತಿತ್ತು. ಪಟ್ಟೆ ಎಲೆ ಕಂಡರೆ ಅದು ನಮ್ಮ ಮನೆಯ ಬೀಜ ಎಂದು ದಾರಿಯಲ್ಲಿ ಹೋಗುವವರಿಗೂ ಗೊತ್ತಾಗುತ್ತಿತ್ತು.

ತೋಲಿಬ್ ಮಾವನ ಕಥೆಯನ್ನೂ ಇಲ್ಲೇ ಹೇಳಬೇಕು. ಅವರ ಮನೆ ನಮ್ಮದರಿಂದ ಮೂರನೆಯದು. ಅವರ ಮಗ ಮಿರಾಲಿಗೂ ನನಗೂ ರೊಟ್ಟಿ ಮುರಿದು ನಿಶ್ಚಯ ಮಾಡಿದ್ದರು. ಆಗ ನನಗೆ ಇಪ್ಪತ್ತೊಂದು. ಮಿರಾಲಿ ಕಾಲುವೆಯ ದಂಡೆಯ ಮೇಲೆ ಹೋಗುವಾಗ ನಮ್ಮ ಗೋಡೆಯ ಹತ್ತಿರ ಬಂದು ಸುಮ್ಮಸುಮ್ಮನೆ ಕತ್ತೆಯನ್ನು ಬೈಯುತ್ತಿದ್ದ, ನಾನು ಕೇಳಿಸಿಕೊಳ್ಳಲಿ ಎಂದು. ನಾವು ಆಡಿದ ಮಾತಿಗಿಂತ ಅವನು ಕತ್ತೆಗೆ ಆಡಿದ ಮಾತೇ ಹೆಚ್ಚು.

ಆ ಶರತ್ಕಾಲದಲ್ಲಿ ತೋಲಿಬ್ ಮಾವ ಪಟ್ಟಣದಿಂದ ಒಂದು ಮೂಟೆ ಬಿಳಿ ಬೆಳ್ಳುಳ್ಳಿ ತಂದು ನೆಟ್ಟರು. ಮುಷ್ಟಿ ಗಾತ್ರದ ಗಡ್ಡೆ. ಎಲ್ಲೋ ದೂರದ ದೇಶದ್ದು. ಚಳಿಗಾಲದಲ್ಲಿ ಹಿಮ ಬೀಳಲಿಲ್ಲ. ವಸಂತದಲ್ಲಿ ಗಿಡಹೇನು ಎಲ್ಲಿ ನೋಡಿದರೂ ಮುತ್ತಿಕೊಂಡಿತು; ಎಲೆಯ ಸಂದಿಯಲ್ಲಿ ಬೆರಳಾಡಿಸಿದರೆ ಬೆರಳೇ ಕಪ್ಪಾಗುತ್ತಿತ್ತು. ಏಪ್ರಿಲ್ ಹೊತ್ತಿಗೆ ಊರಿನ ಬೆಳ್ಳುಳ್ಳಿಯೆಲ್ಲ ಹಳದಿಗಟ್ಟಿ ಕುಳ್ಳಗಾಗಿ ನಿಂತಿತು. ಪಕ್ಕದ ಮಡಿಗಳ ಈರುಳ್ಳಿಯ ಎಲೆಗಳು ಚಪ್ಪಟೆಯಾಗಿ, ಸುರುಟಿಕೊಂಡು ನೆಲಕ್ಕೆ ಬಿದ್ದವು. ಅದಕ್ಕೂ ಮೊದಲು ಮೂರು ನಾಲ್ಕು ವರ್ಷದಿಂದ ಗಡ್ಡೆ ಸಣ್ಣದಾಗುತ್ತಾ ಬಂದಿತ್ತು ಎಂದು ಈಗ ಹೇಳಬಲ್ಲೆ. ಆಗ ಯಾರೂ ಗಮನಿಸಿರಲಿಲ್ಲ. ಎಲ್ಲರಿಗೂ ಕಂಡದ್ದು ತೋಲಿಬ್ ಮಾವನ ಮೂಟೆ.

ಊರ ಹಿರಿಯ ನಿಯೋಜ್ ಅಜ್ಜ ಹತ್ತು ಹನ್ನೆರಡು ಗಂಡಸರನ್ನು ಕರೆದುಕೊಂಡು ಹೋಗಿ ತೋಲಿಬ್ ಮಾವನ ಮಡಿಗಳನ್ನು ಅಗೆಸಿದರು. ಗಿಡಗಳನ್ನು ಕಾಲುವೆಯ ದಂಡೆಯಲ್ಲಿ ರಾಶಿ ಹಾಕಿ ಬೆಂಕಿ ಇಟ್ಟರು. ಹಸಿ ಗಿಡ, ಹತ್ತಲಿಲ್ಲ. ತೋಲಿಬ್ ಮಾವ ಒಂದು ಪಕ್ಕದಲ್ಲಿ ನಿಂತು ನೋಡುತ್ತಿದ್ದವರು, "ಹಸಿ ಇದೆ ಕಣ್ರಪ್ಪ, ಹೀಗೆ ಹತ್ತಲ್ಲ" ಎಂದು ಮನೆಯಿಂದ ಒಣಹುಲ್ಲು ತರಿಸಿಕೊಟ್ಟರು. ಮಧ್ಯಾಹ್ನದವರೆಗೆ ಉರಿಯಿತು. ಇಡೀ ಊರಿನಲ್ಲಿ ಒಗ್ಗರಣೆಯ ವಾಸನೆ. ಅಲ್ಲಿದ್ದವರಿಗೆಲ್ಲ ಹಸಿವಾಗಿತ್ತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಅದಾಗಿ ಎರಡು ವಾರಕ್ಕೆ ಅಮ್ಮ ನಿಶ್ಚಯದ ಬಟ್ಟೆಗಳನ್ನೂ ತಟ್ಟೆಯನ್ನೂ ವಾಪಸು ಕಳಿಸಿದಳು. "ಬೇಲಿಯಾಚೆ ಇರೋ ಕಾಯಿಲೇನ ಯಾರಾದ್ರೂ ಬೀಗತನ ಮಾಡಿ ಒಳಗೆ ಕರ್ಕೊಂತಾರೇನೆ?" ಅಂದಳು. ನಾನು ಹಿಟ್ಟು ನಾದುತ್ತಿದ್ದೆ. ನಾದುವುದನ್ನು ನಿಲ್ಲಿಸಲಿಲ್ಲ. ಅಪ್ಪ ಆಗಲೇ ತೀರಿಕೊಂಡಿದ್ದರು, ಅಣ್ಣ ಅಮ್ಮನ ಮಾತಿಗೆ ಎದುರಾಡುವವನಲ್ಲ. ರೋಗಕ್ಕೆ ಊರಿನಲ್ಲಿ 'ತೋಲಿಬನ ಹಳದಿ' ಎಂದು ಹೆಸರು ಬಿತ್ತು. ಅವರ ತೋಟಕ್ಕೆ ಕಾಲುವೆ ನೀರಿನ ಸರದಿಯನ್ನು ಕೊನೆಗೆ ಹಾಕಿದರು. ಮರುವರ್ಷ ಅವರು ಮನೆ ಮಾರಿ ಕಾಲುವೆಯಾಚೆ, ಕಲ್ಲುಬಯಲು ದಾಟಿ, ಯಾರೂ ಉಳದ ನೆಲದಲ್ಲಿ ಮಣ್ಣಿನ ಮನೆ ಕಟ್ಟಿಕೊಂಡು ಕ್ಯಾರೆಟ್ ಬೆಳೆದರು. ನಾನು ಅಷ್ಟರಲ್ಲಿ ದುಶಾಂಬೆಗೆ ಹೋಗಿಯಾಗಿತ್ತು. ಮಿರಾಲಿಗೆ ಬೇರೆ ಊರಿನ ಹುಡುಗಿಯೊಂದಿಗೆ ಮದುವೆಯಾಯಿತು. ತೋಲಿಬ್ ಮಾವ ಎರಡು ಚಳಿಗಾಲದ ಹಿಂದೆ ತೀರಿಕೊಂಡಾಗ ಮಣ್ಣಿಗೆ ಹೋದವರು ಒಂಬತ್ತು ಜನ ಎಂದು ಅಣ್ಣ ಫೋನಿನಲ್ಲಿ ಹೇಳಿದ್ದ. ಅವನು ಹೋಗಿರಲಿಲ್ಲ.

ಮೇ ತಿಂಗಳಲ್ಲಿ ಎಲೆ ತರಲು ಊರಿಗೆ ಹೋದೆ. ಅಮ್ಮ ನನ್ನ ಕೈಯಲ್ಲಿದ್ದ ಚೀಲಗಳನ್ನು ನೋಡಿ ನಕ್ಕಳು.

"ಅಷ್ಟು ಓದಿ, ಹದಿನಾಲ್ಕು ವರ್ಷ ಕೆಲಸ ಮಾಡಿ, ಕೊನೆಗೆ ಎಲೆ ಕೀಳೋಕೆ ಬಂದ್ಯಾ? ಅದಕ್ಕೆ ಕುರಿ ಸಾಕಾಗಿತ್ತಲ್ಲೇ."

"ಕುರಿ ಲೇಬಲ್ ಅಂಟಿಸಲ್ಲಮ್ಮ."

"ಅಂಟಿಸು ಅಂಟಿಸು. ನಮ್ಮದಕ್ಕೆ ದೊಡ್ಡದಾಗಿ ಬರಿ. ಓಯ್ನಿಸೊ ಬೆಳ್ಳುಳ್ಳಿ, ಹೋಜರ್ ಸೊಸೆ ಅಂತ. ನಿನ್ನ ಮಷಿನ್ನಿಗೂ ಗೊತ್ತಾಗ್ಲಿ."

ಅಮ್ಮನ ತೋಟದಲ್ಲೂ ಗಡ್ಡೆ ಅಕ್ರೋಟಿಗಿಂತ ದೊಡ್ಡದಿರಲಿಲ್ಲ. ಆದರೂ ಬೇರೆಯವರದಕ್ಕಿಂತ ವಾಸಿ. ಅಮ್ಮ ಪ್ರತಿವರ್ಷ ದಪ್ಪ ಎಸಳನ್ನೇ ಆರಿಸಿ ನೆಡುತ್ತಿದ್ದಳು. ಅರ್ಧ ಊರು ಬೆಳ್ಳುಳ್ಳಿಯನ್ನೇ ಬಿಟ್ಟಿತ್ತು. ನಾನು ಮೂವತ್ತೊಂದು ಮನೆಗಳಿಂದ ಎಲೆ ತೆಗೆದೆ. ಕಲ್ಲುಬಯಲಿಗೆ ಹೋಗಲಿಲ್ಲ, ಅಲ್ಲಿ ಬೆಳ್ಳುಳ್ಳಿ ಇರಲಿಲ್ಲ.

ತಟ್ಟೆಗಳು ಎಲ್ಲ ಹಳದಿಯಾದವು. ಒಂದಲ್ಲ, ಎರಡು ವೈರಸ್. ಒಂದು ಎಲೆಯನ್ನು ಹಳದಿ ಮಾಡಿ ಗಿಡವನ್ನು ಕುಳ್ಳಾಗಿಸುವುದು, ಅದು ಈರುಳ್ಳಿಗೂ ಹಾಯುತ್ತದೆ. ಇನ್ನೊಂದು ಎಲೆಗೆ ಪಟ್ಟೆ ಬರಿಸುವುದು. ಹೇನು ಎರಡನ್ನೂ ಹೊತ್ತು ತಿರುಗುತ್ತದೆ. ಬೆಳ್ಳುಳ್ಳಿಯನ್ನು ಎಸಳಿನಿಂದಲೇ ನೆಡುವುದರಿಂದ ಒಮ್ಮೆ ಒಳಹೊಕ್ಕ ವೈರಸ್ ತಾಯಿಯಿಂದ ಮಗಳಿಗೆ ಎಂಬಂತೆ ವರ್ಷ ವರ್ಷವೂ ದಾಟುತ್ತದೆ. ಇದೆಲ್ಲ ನಿರೀಕ್ಷಿಸಿದ್ದೇ. ಹನ್ನೊಂದು ಹಳ್ಳಿಗಳಲ್ಲೂ ಹೆಚ್ಚುಕಡಿಮೆ ಹಾಗೇ ಇತ್ತು. ನಾನು ಅಂಕಿಗಳನ್ನು ಬರೆದು ಮೇಷ್ಟ್ರ ಮೇಜಿನ ಮೇಲಿಟ್ಟೆ.

ಮೂರು ದಿನದ ಮೇಲೆ ಮೇಷ್ಟ್ರು ಕರೆದರು. ಅವರ ಮುಂದೆ ಒಂದು ದೊಡ್ಡ ಹಳದಿ ಹಾಳೆ. ಅದಕ್ಕೆ ಒಣಗಿದ ಬೆಳ್ಳುಳ್ಳಿ ಗಿಡವನ್ನು ದಾರದಿಂದ ಹೊಲಿದು ಅಂಟಿಸಿದ್ದರು. ಹಳೆಯ ಕಾಲದಲ್ಲಿ ಊರೂರು ಸುತ್ತಿ ಗಿಡ ಸಂಗ್ರಹಿಸುತ್ತಿದ್ದವರು ಬಿಟ್ಟುಹೋದ ಹಾಳೆಗಳು ಕೆಳಗಿನ ಬೀರುವಿನಲ್ಲಿ ಕಟ್ಟುಕಟ್ಟಾಗಿ ಇದ್ದವು. ಮೇಷ್ಟ್ರಿಗೆ ಅವುಗಳನ್ನು ತಿರುವಿಹಾಕುವ ಅಭ್ಯಾಸ.

"ಇದು ನಿಮ್ಮೂರಿನದೇ ಅಲ್ವೇನಮ್ಮ?" ಅಂದರು.

ಮೂಲೆಯ ಚೀಟಿಯಲ್ಲಿ ರಷ್ಯನ್ನಿನಲ್ಲಿ ನೇರಳೆ ಶಾಯಿಯ ಬರಹ. ಪುಷ್ತಿಬೋಗ್ ಹಳ್ಳಿ, ಸಾವಿರದ ಒಂಬೈನೂರ ಎಂಬತ್ತಾರು, ಮೇ. ಕೊಟ್ಟವರು: ಹೋಜರ್, ಗೃಹಿಣಿ. ಅದರ ಕೆಳಗೆ, 'ಎಲೆಯ ಮೇಲೆ ಹಳದಿ ಪಟ್ಟೆಗಳಿವೆ. ಸ್ಥಳೀಯರು ಇದನ್ನು ತಳಿಯ ಲಕ್ಷಣವೆಂದು ಭಾವಿಸಿ ಮೆಚ್ಚುತ್ತಾರೆ.'

ನಾನು ಹುಟ್ಟುವ ಮುಂಚಿನ ಎಲೆ. ತೋಲಿಬ್ ಮಾವನ ಮೂಟೆ ಬಂದದ್ದು ಅದಾಗಿ ಎಷ್ಟೋ ವರ್ಷಕ್ಕೆ.

ಮೇಷ್ಟ್ರಿಗೆ ಇದೇನೂ ಗೊತ್ತಿರಲಿಲ್ಲ. ಅವರಿಗೆ ಬರೀ ಕುತೂಹಲ. "ಒಣಗಿ ಇಷ್ಟು ವರ್ಷ ಆಗಿದೆ, ಉತ್ತರ ಕೊಡುತ್ತೋ ಇಲ್ವೋ. ಒಂದು ಉಗುರಿನಷ್ಟು ತಗೊಂಡು ನೋಡು" ಅಂದರು. ತೆಗೆದುಕೊಂಡೆ. ಮೂರು ಸಲ ಮಾಡಿದೆ. ಮೂರು ಸಲವೂ ಎರಡೂ ವೈರಸ್ಸಿನ ಕುಳಿಗಳು ಹಳದಿಯಾದವು. ನಾನು ತಟ್ಟೆಯನ್ನು ಬೆಳಕಿಗೆ ಹಿಡಿದು ನಿಂತಿದ್ದೆ. ಅಳು ಬರಬಹುದು ಎಂದು ಸ್ವಲ್ಪ ಹೊತ್ತು ಕಾದೆ. ಬಾರದಿದ್ದಾಗ ತಟ್ಟೆ ತೊಳೆದಿಟ್ಟು ಕ್ಯಾಂಟೀನಿಗೆ ಹೋಗಿ ಮಾಂಸದ ಸಾರು ಶೂರ್ಪ ಕುಡಿದೆ. ಉಪ್ಪು ಕಡಿಮೆಯಿತ್ತು.

ಫಲಿತಾಂಶವನ್ನು ಊರಿಗೆ ಹೋಗಿ ತಿಳಿಸುವುದೂ ನನ್ನ ಕೆಲಸವೇ. ಇನ್ನು ಈ ಬೀಜವನ್ನು ಯಾರೂ ನೆಡಬಾರದು. ಸಂಸ್ಥೆ ಗಿಡದ ತುದಿಯ ಸಾಸಿವೆಗಿಂತ ಚಿಕ್ಕ ಚೂರನ್ನು ಗಾಜಿನ ನಳಿಕೆಯಲ್ಲಿ ಬೆಳೆಸಿ ರೋಗವಿಲ್ಲದ ಸಸಿ ಮಾಡುತ್ತದೆ. ಎರಡು ಮೂರು ವರ್ಷದಲ್ಲಿ ಒಂದೊಂದು ಮನೆಗೆ ಸ್ವಲ್ಪ ಸ್ವಲ್ಪ ಸಿಗುತ್ತದೆ. ಇಷ್ಟು ಹೇಳಬೇಕಿತ್ತು.

ಮನೆ ಸೇರಿದಾಗ ಅಮ್ಮ ತಂದೂರಿನ ಮುಂದಿದ್ದಳು. ನಾನು ಫೋನಿನಲ್ಲಿ ಹಾಳೆಯ ಫೋಟೋ ತೋರಿಸಿದೆ. ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನೋಡಿದಳು.

"ಇದು ಅತ್ತೆ ಹೆಸರಲ್ವೇನೆ?"

"ಹೌದು."

"ನೋಡು, ಎಷ್ಟು ಚೆಂದ ಪಟ್ಟೆ! ಈಗೆಲ್ಲಿ ಬರುತ್ತೆ ಹೀಗೆ."

"ಅಮ್ಮ, ಆ ಪಟ್ಟೆನೇ ರೋಗ."

ಅವಳು ನನ್ನ ಮುಖ ನೋಡಿದಳು. ನಾನು ಎಲ್ಲವನ್ನೂ ಹೇಳಿದೆ. ಹೇಳಲು ಬಹಳ ಹೊತ್ತು ಹಿಡಿಯಲಿಲ್ಲ. ಅಮ್ಮ ಉಳಿದ ರೊಟ್ಟಿಗಳನ್ನು ಒಂದೊಂದಾಗಿ ತಂದೂರಿನ ಗೋಡೆಗೆ ಬಡಿದಳು, ಬೆಂದ ಮೇಲೆ ತೆಗೆದಳು, ಬಟ್ಟೆ ಹೊದಿಸಿದಳು. ಆಮೇಲೆ ಮೆಟ್ಟಿಲ ಮೇಲೆ ಕೂತು ಕೇಳಿದಳು.

"ಇದನ್ನ ಊರಿಗೆ ಹೇಳಲೇಬೇಕಾ?"

"ಬೀಜ ಬದಲಿಸಿ ಅಂತ ಹೇಳಲೇಬೇಕು."

"ಅದನ್ನ ಹೇಳು. ಯಾರ ಮನೇದು ಅಂತ ಯಾಕೆ ಹೇಳಬೇಕು?"

ಹೇಳುವುದಿಲ್ಲ ಎಂದೇ ಅಂದುಕೊಂಡೆ. ಸತ್ತವರು ಸತ್ತಿದ್ದರು, ಮದುವೆಯಾದವರು ಆಗಿದ್ದರು. ಬದುಕಿರುವವಳು ಅಮ್ಮ.

ಭಾನುವಾರ ಬೆಳಿಗ್ಗೆ ಚಾಯ್‌ಖಾನೆಯ ಹಿಪ್ಪುನೇರಳೆ ಮರದ ಕೆಳಗೆ ಜನ ಸೇರಿದರು. ಗಂಡಸರು ಮಂಚಗಳ ಮೇಲೆ, ಹೆಂಗಸರು ಗೋಡೆಯ ಪಕ್ಕ. ಕಲ್ಲುಬಯಲಿನವರಿಗೂ ಹೇಳಿಕಳಿಸಿದ್ದರು, ಮಿರಾಲಿ ಬಂದು ಹಿಂದೆ ನಿಂತಿದ್ದ. ಗಡ್ಡದಲ್ಲಿ ನರೆ ಬಂದಿತ್ತು. ನಾನು ಕಾಗದ ನೋಡಿಕೊಂಡು ಓದಿದೆ. ಓದಿ ಮುಗಿಸುತ್ತಲೇ ನಿಯೋಜ್ ಅಜ್ಜ ಮೊಣಕಾಲಿಗೆ ತಟ್ಟಿಕೊಂಡು ಅಂದರು:

"ಕೇಳಿದ್ರಾ? ನಾವು ಅವತ್ತು ಹೇಳಿದ್ದನ್ನೇ ಮಷಿನ್ನೂ ಇವತ್ತು ಹೇಳ್ತು. ತೋಲಿಬನ ಹಳದಿ. ಒಂದು ಮೂಟೆ ತಂದು ಊರನ್ನೇ ಹಾಳು ಮಾಡಿದ. ದೇವರು ಅವನನ್ನ ಕ್ಷಮಿಸಲಿ."

ಕೆಲವರು ಆಮೀನ್ ಅಂದರು. ಮಿರಾಲಿ ನೆಲ ನೋಡುತ್ತಿದ್ದ. ಅವನಿಗೆ ಅದು ಕೇಳಿ ಕೇಳಿ ಅಭ್ಯಾಸವಾದಂತಿತ್ತು. ನನ್ನ ಬಾಯಿಂದ ಮಾತು ಬಂತು. ಧೈರ್ಯ ಮಾಡಿ ಆಡಿದ್ದಲ್ಲ. ತಟ್ಟೆಯ ಅಂಕಿಯನ್ನು ಯಾರೋ ತಪ್ಪಾಗಿ ಓದಿದರೆ ತಿದ್ದುತ್ತೇವಲ್ಲ, ಹಾಗೆ.

"ಅದು ತೋಲಿಬ್ ಮಾವನದಲ್ಲ ಅಜ್ಜ."

"ಮತ್ತೆ ಯಾರದ್ದು?"

"ನಮ್ಮದು. ನಮ್ಮ ಮನೇದು. ಅವರು ಮೂಟೆ ತರೋಕೆ ಮುಂಚೆನೇ ಇತ್ತು."

ಯಾರೋ ನಕ್ಕರು. "ಊರಿಗೆಲ್ಲ ಬೀಜ ಹಂಚಿದೋಳ ಮೇಲೆ ಹೆತ್ತ ಮಗಳೇ ಚಾಡಿ ಹೇಳ್ತಾಳಲ್ಲಪ್ಪ! ಪಟ್ಟಣದ ನೀರು ಅಂದ್ರೆ ಇದೇ" ಅಂದರು. ನಾನು ಹಾಳೆಯ ವಿಷಯ ಹೇಳಿ ಫೋನನ್ನು ಮುಂದೆ ಕೊಟ್ಟೆ. ಅದು ಒಂದು ಮಂಚದಿಂದ ಇನ್ನೊಂದಕ್ಕೆ, ಅಲ್ಲಿಂದ ಹೆಂಗಸರ ಕಡೆಗೆ ಹೋಯಿತು. ನಿಯೋಜ್ ಅಜ್ಜ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಹಿಡಿದಿದ್ದರು. ಹೋಜರ್ ಅಜ್ಜಿಯನ್ನು ಅವರು ಕಂಡಿದ್ದವರು.

ಹೆಂಗಸರ ನಡುವಿನಿಂದ ಶರೋಫತ್ ಎಂಬಾಕೆ ಎದ್ದಳು. ನಮ್ಮ ಎದುರು ಮನೆಯ ಸೊಸೆ. "ನನ್ನ ಮದುವೆಗೆ ನಲವತ್ತು ಗಡ್ಡೆ ಕೊಟ್ಟಿದ್ರಲ್ಲ ಓಯ್ನಿಸೊ ಅತ್ತೆ. ಅದರಲ್ಲೂ ಇತ್ತಾ?"

ಅಮ್ಮ ಕೂತಲ್ಲಿಂದಲೇ ಅಂದಳು, "ಕೊಟ್ಟಿದ್ದೆ. ಬೇಡ ಅಂದಿದ್ಯೇನೆ ನೀನು?"

"ನಾನು ಕೇಳಿದ್ದು ಅದಲ್ಲ."

"ಇತ್ತು" ಅಂದಳು ಅಮ್ಮ. "ಎಲ್ಲದರಲ್ಲೂ ಇತ್ತು."

ಆಮೇಲೆ ಎದ್ದು ಮನೆಗೆ ಹೋದಳು. ಮಿರಾಲಿ ಅದಕ್ಕೂ ಮುಂಚೆಯೇ ಹೋಗಿದ್ದ. ಯಾವಾಗ ಹೋದ ಎಂದು ನಾನು ನೋಡಲಿಲ್ಲ.

ನಾನು ಹಿಂದೆಯೇ ಹೋದಾಗ ಅಮ್ಮ ತೋಟದಲ್ಲಿ ಗುದ್ದಲಿ ಹಿಡಿದಿದ್ದಳು. ಕೊಯ್ಲಿಗೆ ಇನ್ನೂ ಮೂರು ವಾರವಿತ್ತು. ಒಂದು ಕಡೆಯಿಂದ ಕೀಳುತ್ತಾ ಬರುತ್ತಿದ್ದಳು.

"ತಿನ್ನಬಹುದಮ್ಮ. ಮನುಷ್ಯರಿಗೆ ಏನೂ ಆಗಲ್ಲ. ನೆಡಬಾರದು ಅಷ್ಟೆ" ಅಂದೆ.

"ತಿನ್ನೋಕೆ ಅಂತ ಇಟ್ಟುಕೊಂಡರೆ ಶರತ್ಕಾಲಕ್ಕೆ ಯಾರಾದರೂ ಬಂದು ಕೇಳ್ತಾರೆ. ಇವತ್ತು ಬೈದರೂ ಆವತ್ತು ಬರ್ತಾರೆ. ಕೇಳಿದರೆ ಇಲ್ಲ ಅನ್ನೋಕೆ ನನಗೆ ಬರಲ್ಲ."

ನಾನು ಬೂಟು ಕಳಚಿ ಅವಳ ಪಕ್ಕದ ಸಾಲಿಗೆ ಇಳಿದೆ. ಮೂರು ದಿನ ಹಿಡಿಯಿತು. ಅಣ್ಣ ಗುಂಡಿ ತೋಡಿಕೊಟ್ಟ. ಅಮ್ಮ ಮಣ್ಣನ್ನು ಬೆರಳಿನಿಂದ ಜರಡಿ ಹಿಡಿದಂತೆ ಹುಡುಕಿ ಒಂದೊಂದು ಎಸಳನ್ನೂ ಹೆಕ್ಕಿದಳು. ಒಮ್ಮೆ, "ನೀನು ಅವನನ್ನ ಮದುವೆ ಮಾಡ್ಕೊಂಡಿದ್ದರೆ ಈ ಹೊತ್ತಿಗೆ ಎಷ್ಟು ಮಕ್ಕಳಿರ್ತಿದ್ವೋ" ಅಂದಳು. ನಾನು ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿರಲಿಲ್ಲ. ಮನಸ್ಸಿನ ಆ ಜಾಗದಲ್ಲಿ ಏನಾದರೂ ನೋಯುತ್ತದೆಯೋ ಎಂದು ಒತ್ತಿ ನೋಡಿಕೊಂಡೆ. ಮರಗಟ್ಟಿದ ಕಾಲಿನ ಮೇಲೆ ಒತ್ತಿದ ಹಾಗಿತ್ತು. ಕೈ ಒತ್ತಿದ್ದು ಗೊತ್ತಾಯಿತು, ಕಾಲಿಗೆ ಏನೂ ಗೊತ್ತಾಗಲಿಲ್ಲ.

ಊರಿನಲ್ಲಿ ಕೆಲವರು ಕಿತ್ತರು, ಕೆಲವರು ಕೀಳಲಿಲ್ಲ. ಕೆಲವು ಹೆಂಗಸರು ಅಮ್ಮನ ಜೊತೆ ಮಾತು ಬಿಟ್ಟರು. ತೋಲಿಬ್ ಮಾವನ ಮಡಿ ಅಗೆದ ಗಂಡಸರು ಮಾತ್ರ ಮೊದಲಿನಂತೆಯೇ ಮಾತಾಡಿಸುತ್ತಿದ್ದರು. ಅಮ್ಮನಿಗೆ ಅವರ ಮಾತೇ ಹೆಚ್ಚು ಚುಚ್ಚುತ್ತಿತ್ತು ಎಂದು ಅತ್ತಿಗೆ ಹೇಳಿದಳು.

ಜುಲೈನಲ್ಲಿ ಮಿರಾಲಿ ದುಶಾಂಬೆಗೆ ಬಂದ. ಕಾವಲುಗಾರ ಬಂದು, "ನಿಮ್ಮ ಕಡೆಯವರ್ಯಾರೋ ಗೇಟಿನ ಹತ್ತಿರ ಇದ್ದಾರೆ, ಒಳಗೆ ಬನ್ನಿ ಅಂದರೆ ಬರಲ್ಲ ಅಂತಾರೆ" ಅಂದ. ಮಿರಾಲಿ ಬಿಸಿಲಿನಲ್ಲಿ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

"ಒಂದು ಕಾಗದ ಬೇಕಿತ್ತು" ಅಂದ. "ಮೊಹರು ಹಾಕಿದ್ದು. ನಮ್ಮಪ್ಪನಿಂದ ರೋಗ ಬರಲಿಲ್ಲ ಅಂತ ಬರೆದು ಕೊಡ್ತೀರಾ?"

ನನ್ನನ್ನು 'ನೀವು' ಅಂದ. ಕತ್ತೆಗೆ ಅವನು ಯಾವತ್ತೂ 'ನೀನು' ಎಂದೇ ಹೇಳುತ್ತಿದ್ದದ್ದು.

"ಹಾಗೆ ಬರೆಯೋಕೆ ಆಗಲ್ಲ" ಅಂದೆ. "ಸುಟ್ಟುಹೋದದ್ದನ್ನ ಪರೀಕ್ಷೆ ಮಾಡೋಕೆ ಬರಲ್ಲ. ನಿಮ್ಮ ಮೂಟೇಲೂ ಇದ್ದಿರಬಹುದು. ಅದಕ್ಕೆ ಎಷ್ಟೋ ವರ್ಷ ಮುಂಚೆನೇ ಊರಲ್ಲಿ ಇತ್ತು ಅಂತ ಮಾತ್ರ ಬರೆಯಬಹುದು."

ಅವನು ಯೋಚಿಸಿದ. "ಅಷ್ಟೇ ಬರೀರಿ ಸಾಕು. ಓದಿ ಹೇಳಿದರೆ ನಮ್ಮಮ್ಮ ಕೇಳ್ತಾಳೆ."

ಬರೆದು, ಮೇಷ್ಟ್ರ ಸಹಿ ಮಾಡಿಸಿ, ಮೊಹರು ಒತ್ತಿಸಿ ತಂದುಕೊಟ್ಟೆ. ಅವನು ಅದನ್ನು ತುಟಿಯಾಡಿಸುತ್ತಾ ಮೂರು ಸಲ ಓದಿ ಪ್ಲಾಸ್ಟಿಕ್ ಚೀಲದೊಳಗಿಟ್ಟ.

"ಅವತ್ತು ಸುಡುವಾಗ ನೀವು ಅಲ್ಲಿದ್ರಾ?"

"ಇದ್ದೆ. ದಂಡೆ ಮೇಲೆ."

"ಮನೆಯಿಂದ ಹುಲ್ಲು ಹೊತ್ತು ತಂದವನು ನಾನೇ" ಅಂದ. "ಅಪ್ಪ ತಾ ಅಂದ್ರು, ತಂದೆ."

ಇಷ್ಟು ಹೇಳಿ ಬಸ್ಸಿನ ಕಡೆ ನಡೆದ. ನಾನು ಒಳಗೆ ಬಂದು ಅರ್ಧಕ್ಕೆ ಬಿಟ್ಟಿದ್ದ ತಟ್ಟೆಯನ್ನು ಮುಂದುವರಿಸಿದೆ. ಎಲ್ಲಿಯವರೆಗೆ ಹನಿ ಬಿಟ್ಟಿದ್ದೆ ಎಂಬುದು ಮರೆತು ಹೋಗಿದ್ದರಿಂದ ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ರೋಗವಿಲ್ಲದ ಸಸಿಗಳು ಸಿದ್ಧವಾದಾಗ ಅವನ್ನು ಎಲ್ಲಿ ಬೆಳೆಸುವುದು ಎಂಬ ಪ್ರಶ್ನೆ ಬಂತು. ಬಲೆ ಕಟ್ಟಿದರೂ ಸುತ್ತ ಹಳೆಯ ಬೆಳ್ಳುಳ್ಳಿ ಇರಬಾರದು, ಹೇನು ಹಾರಿ ಬರದಷ್ಟು ದೂರವಿರಬೇಕು. ಖೋಲ್ಬೇಕ್ ಮೇಷ್ಟ್ರು ಬಂದು ಇಡೀ ದಿನ ಸುತ್ತಿ ನೋಡಿ ಕಲ್ಲುಬಯಲಿನ ಆಚೆಯ ಮಿರಾಲಿಯ ನೆಲವನ್ನು ಆರಿಸಿದರು. "ಊರು ಬಿಟ್ಟು ಇಷ್ಟು ದೂರ ಬಂದು ಯಾಕೆ ಮನೆ ಕಟ್ಟಿದ್ರೋ ಕಾಣೆ, ನಮಗಂತೂ ಒಳ್ಳೇದಾಯ್ತು" ಅಂದರು. ಜೊತೆಗಿದ್ದ ನಿಯೋಜ್ ಅಜ್ಜ ಕೆಮ್ಮಿದರು.

ಬಿಳಿ ಬಲೆಯ ಮನೆ ಎದ್ದಿತು. ಮಿರಾಲಿ, ಅವನ ಹೆಂಡತಿ ಬೂಟು ತೊಳೆದು ಒಳಗೆ ಹೋಗುವುದು, ಕೈ ತೊಳೆದು ಗಿಡ ಮುಟ್ಟುವುದು ಕಲಿತರು. ನಾನು ವರ್ಷಕ್ಕೆ ಎರಡು ಸಲ ಹೋಗಿ ಎಲೆ ತೆಗೆದುಕೊಂಡು ಬರುತ್ತಿದ್ದೆ. ಎಲೆಗಳು ಒಂದೇ ಹಸಿರು. ಅಮ್ಮನಿಗೆ ಫೋಟೋ ತೋರಿಸಿದರೆ, "ಹುಲ್ಲಿನ ಹಾಗಿದೆ" ಅಂದಳು. ಬೀಜ ಬೇಕಾದವರು ಮಿರಾಲಿಯ ಪಟ್ಟಿಯಲ್ಲಿ ಹೆಸರು ಬರೆಸಬೇಕಿತ್ತು. ನಿಯೋಜ್ ಅಜ್ಜನ ಮಗ ಮೊದಲು ಬರೆಸಿದ. ಶರೋಫತ್ ಬರೆಸಿದಳು. ಅಮ್ಮ ಬರೆಸಲಿಲ್ಲ. ತೋಟಕ್ಕೆ ಕುದುರೆಮಸಾಲೆ ಸೊಪ್ಪು ಬಿತ್ತಿ ಅಣ್ಣನ ಹಸುವಿಗೆ ಹಾಕುತ್ತಿದ್ದಳು. ಅಡುಗೆಗೆ ಬಜಾರಿನ ಬೆಳ್ಳುಳ್ಳಿ.

ಮೂರನೆಯ ಶರತ್ಕಾಲದಲ್ಲಿ ನಾನು ಊರಲ್ಲಿದ್ದಾಗ ಒಂದು ಬೆಳಿಗ್ಗೆ ಅಮ್ಮ ಒಳ್ಳೆಯ ಬಟ್ಟೆ ಹಾಕಿಕೊಂಡು ಅಂಗಳದಲ್ಲಿ ನಿಂತಳು. ಎರಡು ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದಳು.

"ರೋಬಿಯಾ ಮನೆಗೆ ಹೋಗಬೇಕು. ಕಾಲುವೆ ದಾಟುವಾಗ ಕೈ ಹಿಡ್ಕೊ, ಮಂಡಿ ಸರಿಯಿಲ್ಲ" ಅಂದಳು. ರೋಬಿಯಾ ಅತ್ತೆ ತೋಲಿಬ್ ಮಾವನ ಹೆಂಡತಿ.

ಒಂದು ಗಂಟೆ ನಡೆದೆವು. ರೋಬಿಯಾ ಅತ್ತೆ ಅಂಗಳದ ಮಂಚದ ಮೇಲೆ ಕ್ಯಾರೆಟ್ ಬೀಜ ಹಸನು ಮಾಡುತ್ತಿದ್ದರು. ಎದ್ದು ನಿಲ್ಲಲಿಲ್ಲ. "ಬಾ" ಅಂದರು. ಅಮ್ಮ ಮಂಚದ ತುದಿಯಲ್ಲಿ ಕೂತು ರೊಟ್ಟಿಯನ್ನು ಮಧ್ಯಕ್ಕಿಟ್ಟಳು. ಮಿರಾಲಿಯ ಹೆಂಡತಿ ಕೆಟಲ್ ತಂದಿಟ್ಟು ಹೋದಳು. ರೋಬಿಯಾ ಅತ್ತೆ ಅಮ್ಮನ ಬಟ್ಟಲಿಗೆ ಅಂಚಿನವರೆಗೂ ಚಹಾ ತುಂಬಿಸಿ ಕೊಟ್ಟರು. ನಮ್ಮಲ್ಲಿ ಬೇಕಾದವರಿಗೆ ಅರ್ಧ ಬಟ್ಟಲು ಕೊಡುತ್ತಾರೆ, ಮತ್ತೆ ಮತ್ತೆ ಕೇಳಲಿ ಎಂದು. ತುಂಬಿಸಿ ಕೊಟ್ಟರೆ ಕುಡಿದು ಹೊರಡು ಎಂದರ್ಥ. ಅಮ್ಮ ಬೆರಳು ಸುಡುತ್ತಿದ್ದರೂ ಪೂರ್ತಿ ಕುಡಿದು ಬಟ್ಟಲನ್ನು ಮುಂದೆ ಚಾಚಿದಳು. ಮತ್ತೆ ಅಂಚಿನವರೆಗೂ ಬಂತು. ಅದನ್ನೂ ಕುಡಿದಳು.

ಅವರು ಮಂಡಿ ನೋವಿನ ವಿಷಯ ಮಾತಾಡಿದರು. ಒಬ್ಬರು ಹೆಬ್ಬಾತಿನ ಕೊಬ್ಬು ಒಳ್ಳೆಯದು ಅಂದರೆ ಇನ್ನೊಬ್ಬರು ಅದರಿಂದ ಏನೂ ಆಗಲ್ಲ ಅಂದರು. ಈ ವರ್ಷ ಅಕ್ರೋಟು ಹುಳ ಬಿದ್ದದ್ದು, ಹಿಟ್ಟು ಸರಿಯಾಗಿ ಉಬ್ಬದಿರುವುದು. ಬೆಳ್ಳುಳ್ಳಿಯ ಮಾತು ಬರಲಿಲ್ಲ. ತೋಲಿಬ್ ಮಾವನ ಹೆಸರು ಒಮ್ಮೆ ಮಾತ್ರ ಬಂತು. ರೋಬಿಯಾ ಅತ್ತೆ ಬೀಜದ ತಟ್ಟೆಯನ್ನು ಅಲುಗಾಡಿಸುತ್ತಾ, "ಆ ಕಾಗದವನ್ನ ಮಿರಾಲಿ ಓದಿ ಹೇಳಿದ. ಒಳ್ಳೇದಾಯ್ತು. ತೋಲಿಬ್ ಅದನ್ನ ಕೇಳೋಕೆ ಇರಲಿಲ್ಲ ಅಷ್ಟೆ" ಅಂದರು.

ಅಮ್ಮ, "ಹೌದು" ಅಂದಳು. ಮೂರನೆಯ ಸಲ ಬಟ್ಟಲು ಚಾಚಿದಳು.

ರೋಬಿಯಾ ಅತ್ತೆ ಕೆಟಲನ್ನು ಬಗ್ಗಿಸಿ, ಅರ್ಧಕ್ಕೆ ನಿಲ್ಲಿಸಿದರು. ಚಹಾ ಮುಗಿದಿತ್ತೋ, ಬೇಕೆಂದೇ ನಿಲ್ಲಿಸಿದರೋ, ನನಗೆ ಕಾಣಲಿಲ್ಲ. ಕೆಟಲಿನ ಮುಚ್ಚಳವನ್ನು ಅವರು ತೆರೆದು ನೋಡಲಿಲ್ಲ.

ವಾಪಸು ಬರುವಾಗ ಕಲ್ಲುಬಯಲಿನ ಮಧ್ಯೆ ಅಮ್ಮ ಎರಡು ಕಡೆ ಕೂತು ದಣಿವಾರಿಸಿಕೊಂಡಳು. ಎರಡನೆಯ ಸಲ ಕೂತಾಗ, "ಮುಂದ್ವಾರನೂ ಹೋಗಬೇಕು. ಹೆಬ್ಬಾತಿನ ಕೊಬ್ಬು ತಗೊಂಡು ಹೋಗ್ತೀನಿ, ಅವಳಿಗೆ ಗೊತ್ತಿಲ್ಲ ಅದರ ಗುಣ" ಅಂದಳು. ನಾನು ಅವಳ ಕೈ ಹಿಡಿದು ಎಬ್ಬಿಸಿದೆ. ಅವಳ ಕೈ ಬೆಚ್ಚಗಿತ್ತು, ಬಟ್ಟಲು ಹಿಡಿದಿದ್ದ ಬೆರಳುಗಳ ತುದಿ ಕೆಂಪಾಗಿತ್ತು.